ಗ್ರಂಥಾಲಯಗಳ ಜಾಲಸೇವೆಯೂ ವಿದ್ಯಾರ್ಥಿಗಳ ತೀರ್ಪೂ

ಪ್ರತಿವರ್ಷವೂ ಆಗಸ್ಟ್ 12ನೆಯ ತಾರೀಖಿನಂದು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನು ಆಚರಿಸುವ ವಾಡಿಕೆಯುಂಟು. ಆ ದಿನ ಆಚಾರ್ಯ ರಂಗನಾಥನ್‌ರವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣಗಳಾಗುತ್ತವೆ, ಕೆಲವೆಡೆ ಉತ್ತಮ ಸೇವೆ ಸಲ್ಲಿಸಿದವರಿಗೆ ಶಾಲು ಫಲಕಗಳೂ ಸಲ್ಲುತ್ತವೆ. ಇವೆಲ್ಲವೂ ಯುಕ್ತವಾದುವೇ. ಆದರೆ ಇಂತಹ ಸನ್ಮಾನಗಳಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿದಂತೆ ತೋರುವುದಿಲ್ಲ. ಯಾವ ಗ್ರಂಥಾಲಯವು ಉತ್ತಮವೆಂದು ನಿರ್ಣಯಿಸತಕ್ಕವರು ಯಾರು? ಸಾಮಾನ್ಯವಾಗಿ ನಡೆಯುವುದೇನೆಂದರೆ, ಸಂಸ್ಥೆಯು ತನ್ನ ಸಾಧನೆಯ ವರದಿಯನ್ನು ತಾನೇ ಬರೆದು ಕಳುಹಿಸುತ್ತದೆ, ಮೇಲಿನ ಅಧಿಕಾರಿಗಳೂ ತಜ್ಞರೂ ಅದನ್ನು ಓದುತ್ತಾರೆ, ಪ್ರಶಸ್ತಿಯು ಪ್ರಕಟವಾಗುತ್ತದೆ. ಯಾರ ಉಪಯೋಗಕ್ಕಾಗಿ ಗ್ರಂಥಾಲಯವು ಹುಟ್ಟಿತೋ ಆ ಓದುಗನ ಸಹಿ ಆ ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ.

ಗ್ರಂಥಾಲಯದ ಸೇವೆಯು ಬೀರು ಮೇಜುಗಳಿಂದಾಚೆಗೆ ಅಂತರ್ಜಾಲಕ್ಕೆ ಹಬ್ಬಿರುವ ಈ ಕಾಲದಲ್ಲಿ ಈ ನ್ಯೂನತೆಯು ಮೊದಲಿಗಿಂತ ಹೆಚ್ಚು ಹಾನಿಕರವಾಗಿದೆ. ಜಾಲಸಾಧನಗಳನ್ನು ಹೊಸ ರೀತಿಯಲ್ಲಿ ಉಪಯೋಗಿಸಿಕೊಂಡ ಗ್ರಂಥಾಲಯಗಳನ್ನು ಗುರುತಿಸಿ ಗೌರವಿಸುವ ಕಾರ್ಯದಲ್ಲಿ ವಿದ್ಯಾರ್ಥಿಗಳಿಗೆ ತೀರ್ಪುಗಾರರ ಸ್ಥಾನವನ್ನೇ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕ ಮಹಾಶಯರ ಮುಂದಿಡುತ್ತೇವೆ.

ಗ್ರಂಥಾಲಯವು ನಮ್ಮ ದೇಶದಲ್ಲಿ ಬರಿಯ ಆಡಳಿತದ ಒಂದು ಶಾಖೆಯಾಗಿ ಬೆಳೆದುದಲ್ಲ. ಅದು ರಾಷ್ಟ್ರಜಾಗೃತಿಯ ಒಂದು ಅಂಗವಾಗಿ ಬೆಳೆಯಿತು. ಬಡೋದೆಯ ಸಯಾಜಿರಾವ್ ಮಹಾರಾಜರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಯಿಸಿ, ಹಳ್ಳಿಹಳ್ಳಿಗೂ ಪುಸ್ತಕದ ಪೆಟ್ಟಿಗೆಗಳನ್ನು ಕಳುಹಿಸುವ ಏರ್ಪಾಡು ಮಾಡಿಸಿದರು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಸಾರ್ವಜನಿಕ ಪುಸ್ತಕಾಲಯಗಳಿಗೆ ಸರ್ಕಾರದ ಆಶ್ರಯ ದೊರೆಯಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆಯು ಸೇರಿದಾಗ, ಅದೇ ಊರಿನಲ್ಲಿ ಅಖಿಲ ಭಾರತ ಪುಸ್ತಕಾಲಯ ಪರಿಷತ್ತೂ ನೆರೆಯಿತು. ದೇಶಬಂಧು ಚಿತ್ತರಂಜನ ದಾಸರು ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದರು. ಸ್ವರಾಜ್ಯವನ್ನು ಬೇಡಿದವರೇ ಪುಸ್ತಕವನ್ನೂ ಬೇಡಿದರು. ಪ್ರಜೆಯು ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಬೇಕಾದರೆ ಅವನಿಗೆ ತಿಳಿವಳಿಕೆ ಬೇಕು. ತಿಳಿವಳಿಕೆಗೆ ಪುಸ್ತಕ ಬೇಕು ಎಂಬುದೇ ಅವರ ತರ್ಕವಾಗಿತ್ತು.

ರಂಗನಾಥನ್‌ರವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಸಾರವೂ ಇದೇ. ಪುಸ್ತಕವಿರುವುದು ಕಾಪಾಡಲಿಕ್ಕಲ್ಲ, ಉಪಯೋಗಿಸಲಿಕ್ಕೆ. ಓದುಗನ ಹೊತ್ತನ್ನು ಉಳಿಸುವುದು ಗ್ರಂಥಾಲಯದ ಧರ್ಮ. ಆ ಮಹನೀಯರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಇಂಥವರ ಊರಾದ ಬೆಂಗಳೂರಿನಲ್ಲಿ ಕುಳಿತು, ಓದುಗನನ್ನು ಕೇಳದೆಯೇ ಗ್ರಂಥಾಲಯದ ಯೋಗ್ಯತೆಯನ್ನು ಅಳೆಯುವುದು ಸೋಜಿಗವೇ ಸರಿ.

ಈಗ ನಡೆದಿರುವ ಬದಲಾವಣೆಯನ್ನು ನೋಡೋಣ. ಖರಗಪುರದ ಐ.ಐ.ಟಿ.ಯವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು 2018ರಲ್ಲಿ ದೇಶಕ್ಕೆ ಅರ್ಪಿತವಾಯಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರು 2020ರ ಫೆಬ್ರವರಿಯಲ್ಲಿ ತಮ್ಮ ಡಿಜಿಟಲ್ ಗ್ರಂಥಾಲಯವನ್ನು ತೆರೆದರು. ಅನಂತರ ಕೆಲವೇ ವಾರಗಳಲ್ಲಿ ಕೊರೋನಾ ರೋಗದ ನಿಮಿತ್ತ ಎಲ್ಲ ವಾಚನಾಲಯಗಳ ಬಾಗಿಲುಗಳೂ ಮುಚ್ಚಿದುದರಿಂದ, ಆ ಜಾಲತಾಣವೇ ಅನೇಕರಿಗೆ ಏಕಮಾತ್ರ ಪುಸ್ತಕಭಂಡಾರವಾಯಿತು. ಇದಕ್ಕೆ ಮುಂಚೆ, 2019ರಲ್ಲಿ, ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದಿದ್ದುವು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವನ್ನು ಕೊಡುವ ಏರ್ಪಾಡಾಯಿತು. ಈಗ ಅವು ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ಅನೇಕ ಕಡೆ ಗಣಕಯಂತ್ರಗಳೂ ಬಂದಿವೆ.

ಇದು ಸಂತೋಷದ ಸಂಗತಿ. ಆದರೆ ಬೀರಿನಲ್ಲಿ ಪುಸ್ತಕವಿದೆಯೇ ಇಲ್ಲವೇ ಎಂಬುದು ತನಿಖೆಗೆ ಬಂದ ಅಧಿಕಾರಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ, ಜಾಲಸೇವೆಯು ಹಾಗಲ್ಲ. ಗಣಕಯಂತ್ರಗಳೆಷ್ಟು, ನೋಂದಾಯಿತ ಸದಸ್ಯರೆಷ್ಟು, ಇ-ಪುಸ್ತಕಗಳೆಷ್ಟು ಎಂಬ ಅಂಕಿಗಳು ವರದಿಯಲ್ಲಿ ತುಂಬಿರಬಹುದು. ಆದರೂ ಹೊಸಪೇಟೆಯ ಒಬ್ಬ ಹುಡುಗಿಯು ರಾತ್ರಿ ಎಂಟು ಗಂಟೆಗೆ ತನ್ನ ತಂದೆಯ ಮೊಬೈಲಿನಲ್ಲಿ ಕನ್ನಡ ಅಕ್ಷರಗಳನ್ನು ಒತ್ತಿ ಒಂದು ಪುಸ್ತಕವನ್ನು ಹುಡುಕಿದರೆ ಅದು ಸಿಕ್ಕುತ್ತದೆಯೋ ಇಲ್ಲವೋ ಎಂಬುದನ್ನು ಆ ಅಂಕಿಗಳು ಹೇಳಲಾರವು. ಹೆಸರು ಬರೆಯಿಸಿದವನು ಓದಿದವನೆಂದು ಅರ್ಥವಲ್ಲ. ಊಟ ಹೇಗಿತ್ತೆಂಬುದನ್ನು ಎಲೆಗಳ ಲೆಕ್ಕದಿಂದ ತಿಳಿಯಲಾಗದು, ಉಂಡವರನ್ನು ಕೇಳಬೇಕು.

ಇನ್ನೊಂದು ಅಪಾಯವೂ ಇದೆ. ದುಡ್ಡು ಕೊಟ್ಟು ಕೊಂಡ ಸಾಧನವನ್ನೇ ಹೊಸತನವೆಂದು ಭ್ರಮಿಸುವುದು. ಯಾವುದೋ ಕಂಪನಿಯಿಂದ ದುಬಾರಿ ತಂತ್ರಾಂಶವನ್ನು ತರಿಸಿದ ಸಂಸ್ಥೆಯ ವರದಿಯು ಮಿನುಗುತ್ತದೆ. ಖರ್ಚಿಲ್ಲದ ಸಾಧನದಿಂದ ಊರಿನ ಹುಡುಗರಿಗೆ ದಿನಂಪ್ರತಿ ಪುಸ್ತಕದ ಸುದ್ದಿ ಕಳುಹಿಸುವ, ಉದ್ಯೋಗದ ಅರ್ಜಿಗಳನ್ನು ತುಂಬಲು ನೆರವಾಗುವ ಗ್ರಂಥಾಲಯ ಮೇಲ್ವಿಚಾರಕನ ಕೆಲಸವು ಯಾವ ನಮೂನೆಯ ಅಂಕಣದಲ್ಲಿಯೂ ಹಿಡಿಯುವುದಿಲ್ಲ. ಹೊಸತನವು ಯಂತ್ರದಲ್ಲಿಲ್ಲ, ಯಂತ್ರವನ್ನು ಓದುಗನ ಕಡೆಗೆ ತಿರುಗಿಸುವ ಬುದ್ಧಿಯಲ್ಲಿದೆ.

ಇದಕ್ಕೆ ಹೊರದೇಶಗಳಲ್ಲಿ ನಿದರ್ಶನಗಳುಂಟು. 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದವರು ಹಳೆಯ ವೃತ್ತಪತ್ರಿಕೆಗಳನ್ನು ಜಾಲದಲ್ಲಿ ಇಟ್ಟರು. ಯಂತ್ರವು ಓದಿದ ಪಾಠದಲ್ಲಿ ತಪ್ಪುಗಳು ಬಹಳವಾಗಿದ್ದುವು. ಅವುಗಳನ್ನು ತಿದ್ದುವ ಅಧಿಕಾರವನ್ನು ಓದುಗರಿಗೇ ಕೊಟ್ಟುಬಿಟ್ಟರು. ಜನರು ಕೋಟಿಗಟ್ಟಲೆ ಸಾಲುಗಳನ್ನು ಸ್ವಸಂತೋಷದಿಂದ ತಿದ್ದಿದ್ದಾರೆ. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ತನ್ನ ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್ ಎಂಬ ಸಾರ್ವಜನಿಕ ತಾಣದಲ್ಲಿ ಹಾಕಿ, ಚಿತ್ರದಲ್ಲಿರುವ ಸ್ಥಳ ಯಾವುದು, ಜನರು ಯಾರು ಎಂಬುದನ್ನು ತಿಳಿದವರು ತಿಳಿಸಿರೆಂದು ಲೋಕವನ್ನು ಕೇಳಿತು. ಈ ಎರಡು ಕಡೆಗಳಲ್ಲಿಯೂ ಓದುಗನ ಮೇಲೆ ಇಟ್ಟ ನಂಬಿಕೆಯೇ ನಿಜವಾದ ಹೊಸತನವಾಗಿತ್ತು.

ಕನ್ನಡದಲ್ಲಿಯೂ ಇಂತಹ ಉದಾಹರಣೆ ಇದೆ. ಅದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಈ ಶತಮಾನದ ಆರಂಭದಲ್ಲಿ ನಡೆದ ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಗ್ರಂಥಗಳು ಅಂತರ್ಜಾಲಕ್ಕೆ ಏರಿದುವು. ಆದರೆ ಅವುಗಳ ಹೆಸರುಗಳೆಲ್ಲ ರೋಮನ್ ಲಿಪಿಯಲ್ಲಿ, ಮನಸ್ಸಿಗೆ ಬಂದ ಕಾಗುಣಿತದಲ್ಲಿ, ಗುರುತು ಸಿಕ್ಕದಂತೆ ಬರೆಯಲ್ಪಟ್ಟಿದ್ದುವು. ಪುಸ್ತಕವು ಇದ್ದೂ ಇಲ್ಲದಂತಾಯಿತು. ಆಗ ‘ಸಂಚಯ’ವೆಂಬ ಸ್ವಯಂಸೇವಕರ ಬಳಗದವರು ‘ಸಮೂಹ ಸಂಚಯ’ವೆಂಬ ಜಾಲಸಾಧನವನ್ನು ರಚಿಸಿ, ಈ ಸಂಗ್ರಹದ ಮತ್ತು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಸಂಗ್ರಹದ ಕನ್ನಡ ಪುಸ್ತಕಗಳ ಹೆಸರುಗಳನ್ನು ಜನರ ಕೈಯಿಂದಲೇ ಕನ್ನಡ ಲಿಪಿಗೆ ತರಿಸಿದರು, ಕನ್ನಡದಲ್ಲಿ ಹುಡುಕಿದರೆ ಪುಸ್ತಕವು ಸಿಕ್ಕುವಂತೆ ಮಾಡಿದರು. ಮುಂದೆ ಆ ಮೂಲ ಜಾಲತಾಣವು ನಿಂತುಹೋದಾಗ, ಬೇರೆಡೆ ಪ್ರತಿ ಮಾಡಿ ಇಟ್ಟಿದ್ದ ಕಾರಣದಿಂದಲೇ ಆ ಗ್ರಂಥಗಳು ಉಳಿದುವು. ಕೋಟ್ಯಂತರ ಪುಟಗಳನ್ನು ಯಂತ್ರಕ್ಕೆ ಏರಿಸಿಯೂ ಸೂಚಿಯನ್ನು ಕಡೆಗಣಿಸಿದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಆ ನ್ಯೂನತೆಯನ್ನು ಕಂಡವರು ತನಿಖಾಧಿಕಾರಿಗಳಲ್ಲ, ಓದುಗರು.

ಓದುಗರಲ್ಲಿಯೂ ವಿದ್ಯಾರ್ಥಿಗಳನ್ನೇ ಏಕೆ ಆರಿಸಬೇಕು? ಮೊದಲನೆಯದಾಗಿ, ಇಂದು ಜಾಲಸೇವೆಯ ಮುಖ್ಯ ಬಳಕೆದಾರರು ಅವರೇ. ಹಳ್ಳಿಗಳ ಶಿಕ್ಷಣಸ್ಥಿತಿಯನ್ನು ಕುರಿತ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ, ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನನ್ನು ಉಪಯೋಗಿಸುವುದು ತಿಳಿದಿದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಸಾಮಾಜಿಕ ಜಾಲಗಳಿಗೆ ಬಳಸಿದವರು ಶೇಕಡಾ 76. ಓದಿನ ಕೆಲಸಕ್ಕೆ ಬಳಸಿದವರು ಶೇಕಡಾ 57. ಈ ಎರಡು ಅಂಕಿಗಳ ನಡುವಣ ಅಂತರದಲ್ಲಿಯೇ ಗ್ರಂಥಾಲಯಗಳು ಮಾಡಬೇಕಾದ ಕೆಲಸವಿದೆ. ಸಾಧನವು ಕೈಯಲ್ಲಿದ್ದು ಓದಿನತ್ತ ತಿರುಗದ ಹುಡುಗನನ್ನು ಯಾವ ಗ್ರಂಥಾಲಯವು ತಿರುಗಿಸಿತೆಂಬುದನ್ನು ಅವನ ವಯಸ್ಸಿನವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಎರಡನೆಯದಾಗಿ, ವಿದ್ಯಾರ್ಥಿಗಳ ತೀರ್ಪಿಗೆ ಗಂಭೀರವಾದ ಸ್ಥಾನ ಕೊಟ್ಟ ಪೂರ್ವನಿದರ್ಶನಗಳಿವೆ. ಫ್ರಾನ್ಸ್ ದೇಶದಲ್ಲಿ 1988ರಿಂದ ಪ್ರೌಢಶಾಲೆಯ ವಿದ್ಯಾರ್ಥಿಗಳೇ ಗೊಂಕೂರ್ ಪಾರಿತೋಷಕದ ಪಟ್ಟಿಯಲ್ಲಿರುವ ಕಾದಂಬರಿಗಳನ್ನು ಓದಿ ತಮ್ಮದೇ ಒಂದು ಬಹುಮಾನವನ್ನು ಕೊಡುತ್ತಾರೆ. ಆ ಬಹುಮಾನಕ್ಕೆ ಅಲ್ಲಿನ ವಿದ್ವಾಂಸರೂ ಪ್ರಕಾಶಕರೂ ಗೌರವ ಸಲ್ಲಿಸುತ್ತಾರೆ. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ಗ್ರಂಥಪಾಲಕರ ಪ್ರಶಸ್ತಿಯೊಂದಕ್ಕೆ ಹೆಸರನ್ನು ಸೂಚಿಸತಕ್ಕವರು ಗ್ರಂಥಾಲಯದ ಬಳಕೆದಾರರೇ. ನಮ್ಮಲ್ಲಿಯೂ ಇದು ಅಪರಿಚಿತವಾದ ತತ್ತ್ವವಲ್ಲ. ಬೆಂಗಳೂರಿನಲ್ಲಿಯೇ ಮುಖ್ಯ ಕಛೇರಿಯುಳ್ಳ ನ್ಯಾಕ್ ಸಂಸ್ಥೆಯವರು ಕಾಲೇಜುಗಳ ಮೌಲ್ಯಮಾಪನಕ್ಕಾಗಿ 2017ರಲ್ಲಿ ತಂದ ಪರಿಷ್ಕೃತ ಪದ್ಧತಿಯಲ್ಲಿ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯನ್ನು ಸೇರಿಸಿದರು. ಕಾಲೇಜಿನ ಯೋಗ್ಯತೆಯನ್ನು ಹೇಳಲು ಅರ್ಹನಾದ ವಿದ್ಯಾರ್ಥಿಯು ಗ್ರಂಥಾಲಯದ ಯೋಗ್ಯತೆಯನ್ನು ಹೇಳಲು ಅನರ್ಹನೆಂಬ ವಾದಕ್ಕೆ ಆಧಾರವಿಲ್ಲ.

ಮೂರನೆಯದಾಗಿ, ಪರೀಕ್ಷಿಸುವ ಕೆಲಸವೇ ಒಂದು ವಿದ್ಯೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದಲ್ಲಿ 2013ರಿಂದ ಭಾಷಾವಿದ್ಯಾರ್ಥಿಗಳು ತಮ್ಮ ಪಾಠಕ್ರಮದ ಅಂಗವಾಗಿ ಕನ್ನಡ ವಿಕಿಪೀಡಿಯ ಮೊದಲಾದುವುಗಳಲ್ಲಿ ಬರೆಯುವ ಪದ್ಧತಿ ಬಂದಿತು. ಜಾಲದಲ್ಲಿ ಕನ್ನಡದ ಕೆಲಸವನ್ನು ಜವಾಬ್ದಾರಿಯಿಂದ ಮಾಡುವ ಶಕ್ತಿ ನಮ್ಮ ಯುವಕಯುವತಿಯರಿಗೆ ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯಾವ ಮಾಹಿತಿ ನಂಬಲರ್ಹ, ಯಾವುದು ಅಲ್ಲ, ಹುಡುಕುವುದು ಹೇಗೆ ಎಂಬುದನ್ನು ಹತ್ತು ಗ್ರಂಥಾಲಯಗಳ ಸೇವೆಯನ್ನು ಒರೆಗೆ ಹಚ್ಚಿ ನೋಡಿದವನು ಕಲಿತೇ ಕಲಿಯುವನು.

ಹಾಗಾದರೆ ಇದನ್ನು ನಡೆಯಿಸುವ ಕ್ರಮವೇನು? ಬರಿಯ ಮತ ಎಣಿಸುವುದರಿಂದ ಪ್ರಯೋಜನವಿಲ್ಲ. ಹಾಗೆ ಮಾಡಿದರೆ ದೊಡ್ಡ ಊರಿನ ದೊಡ್ಡ ಗ್ರಂಥಾಲಯವೇ ಪ್ರತಿಸಲವೂ ಗೆಲ್ಲುವುದು. ಪ್ರತಿ ಜಿಲ್ಲೆಯಲ್ಲಿ ಪ್ರೌಢಶಾಲೆ, ಪದವಿಪೂರ್ವ ಮತ್ತು ಪದವಿ ಕಾಲೇಜುಗಳಿಂದ ವಿದ್ಯಾರ್ಥಿಗಳ ಸಣ್ಣ ತಂಡಗಳನ್ನು ಮಾಡಬೇಕು. ಎಲ್ಲರಿಗೂ ಒಂದೇ ಪರೀಕ್ಷಾಪತ್ರವನ್ನು ಕೊಡಬೇಕು. ಗ್ರಂಥಾಲಯದ ಜಾಲಸೂಚಿಯಲ್ಲಿ ಕನ್ನಡ ಲಿಪಿಯಲ್ಲಿಯೇ ಹುಡುಕಲು ಆಗುವುದೇ? ಕಾರಂತರ ಹೆಸರನ್ನು ರೋಮನ್ ಅಕ್ಷರದಲ್ಲಿ ಮೂರು ವಿಧವಾಗಿ ಬರೆಯುವವರುಂಟು. ಹೇಗೆ ಬರೆದರೂ ಅವರ ಪುಸ್ತಕ ದೊರೆಯುವುದೇ? ಕಡಮೆ ಬೆಲೆಯ ಮೊಬೈಲಿನಲ್ಲಿ, ಮಂದವಾದ ಸಂಪರ್ಕದಲ್ಲಿ, ಪುಟವು ತೆರೆಯುವುದೇ? ಜಾಲದ ಮೂಲಕ ಒಂದು ಪ್ರಶ್ನೆಯನ್ನು ಕಳುಹಿಸಿದರೆ ಎಷ್ಟು ದಿನಕ್ಕೆ ಉತ್ತರ ಬರುವುದು? ಕಣ್ಣಿಲ್ಲದ ಓದುಗನ ಓದುಯಂತ್ರವು ಆ ಕನ್ನಡವನ್ನು ಓದಿ ಹೇಳಬಲ್ಲದೇ, ಅಥವಾ ಪುಸ್ತಕವು ಬರಿಯ ಚಿತ್ರವಾಗಿ ಮೂಕವಾಗಿದೆಯೇ? ಊರಿನ ಚರಿತ್ರೆ, ಸ್ಥಳೀಯ ಲೇಖಕರ ಕೃತಿಗಳು, ಹಳೆಯ ಛಾಯಾಚಿತ್ರಗಳು, ಇವುಗಳನ್ನು ಗ್ರಂಥಾಲಯವು ತಾನೇ ಸಂಗ್ರಹಿಸಿ ಜಾಲದಲ್ಲಿ ಇಟ್ಟಿದೆಯೇ? ಓದುಗನಿಂದ ಬೇಡದ ವೈಯಕ್ತಿಕ ವಿವರಗಳನ್ನು ಕೇಳುತ್ತದೆಯೇ? ಇಂತಹ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ತಾವೇ ಮಾಡಿ ನೋಡಿ, ಕಾರಣಸಹಿತವಾಗಿ ಉತ್ತರ ಬರೆಯಬೇಕು. ಆ ಉತ್ತರಗಳನ್ನು ಗ್ರಂಥಾಲಯಕ್ಕೂ ಸಾರ್ವಜನಿಕರಿಗೂ ತೆರೆದಿಡಬೇಕು. ದೊಡ್ಡ ನಗರದ ಗ್ರಂಥಾಲಯಗಳಿಗೂ ಪಂಚಾಯತಿಯ ಗ್ರಂಥಾಲಯಗಳಿಗೂ ಬೇರೆಬೇರೆ ವರ್ಗಗಳಿರಬೇಕು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹುಡುಗರ ಬುದ್ಧಿ ಚಂಚಲ, ಬಣ್ಣಕ್ಕೆ ಮರುಳಾಗುವುದು ಎಂದು ಕೆಲವರು ಹೇಳಬಹುದು. ಬಣ್ಣಕ್ಕೆ ಮರುಳಾಗುವುದು ವಯಸ್ಸಾದವರಲ್ಲಿಯೂ ಕಾಣದ ದೋಷವೇನಲ್ಲ. ಪರೀಕ್ಷಾಪತ್ರವು ಕೆಲಸದ ಬಗೆಗಿದ್ದರೆ ಬಣ್ಣಕ್ಕೆ ಅಲ್ಲಿ ಎಡೆಯಿರುವುದಿಲ್ಲ. ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಭಾರವಾದುದು. ವಿದ್ಯಾರ್ಥಿಯು ತನ್ನ ಕಾಲೇಜಿನ ಗ್ರಂಥಾಲಯದ ನ್ಯೂನತೆಯನ್ನು ಬರೆದರೆ ಪ್ರಿನ್ಸಿಪಾಲರ ಅಸಮಾಧಾನಕ್ಕೆ ಗುರಿಯಾಗುವನೆಂಬ ಭಯವಿದೆ. ಈ ಭಯವು ನಿಜವಾದುದು. ಆದುದರಿಂದ ಯಾವ ತಂಡವೂ ತನ್ನ ಸಂಸ್ಥೆಯನ್ನು ಪರೀಕ್ಷಿಸತಕ್ಕದ್ದಲ್ಲ. ಬರೆದವರ ಹೆಸರು ಪ್ರಕಟವಾಗತಕ್ಕದ್ದಲ್ಲ. ಮೂರನೆಯದು, ವಿದ್ಯಾರ್ಥಿಗಳಿಂದ ಪುಕ್ಕಟೆಯಾಗಿ ಸರ್ಕಾರದ ಕೆಲಸವನ್ನು ಮಾಡಿಸಿಕೊಂಡಂತಾಗುವುದೆಂಬುದು. ಇದಕ್ಕೆ ಉತ್ತರವು ಸುಲಭ. ಈ ಕೆಲಸಕ್ಕೆ ಪಾಠಕ್ರಮದಲ್ಲಿ ಅಂಕಗಳನ್ನು ಕೊಡಬೇಕು, ಪ್ರಯಾಣದ ವೆಚ್ಚವನ್ನು ಕೊಡಬೇಕು.

ತಜ್ಞರನ್ನು ಹೊರಗಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಸೂಚಿಯ ಶಾಸ್ತ್ರೀಯ ಕ್ರಮವನ್ನೂ ಹಕ್ಕುಸ್ವಾಮ್ಯದ ವಿಚಾರವನ್ನೂ ಸಂಗ್ರಹದ ಭದ್ರತೆಯನ್ನೂ ಹದಿನೇಳು ವರ್ಷದ ಹುಡುಗನು ಅಳೆಯಲಾರನು. ಅದನ್ನು ಗ್ರಂಥಪಾಲಕರೇ ನೋಡಲಿ. ಆದರೆ ಸೇವೆಯು ತಲುಪಿತೇ ಎಂಬ ಪ್ರಶ್ನೆಯಲ್ಲಿ ಓದುಗನ ಮಾತೇ ಕೊನೆಯ ಮಾತಾಗಬೇಕು.

ಇದೆಲ್ಲವೂ ಒಂದು ಫಲಕದ ವಿಚಾರವೆಂದು ಅಧಿಕಾರಿವರ್ಗವು ಅಲಕ್ಷ್ಯ ಮಾಡಬಾರದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಶಾಸನದಂತೆ ಪ್ರಜೆಗಳು ತಮ್ಮ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ತೆರುತ್ತಾರೆ; ಅದರ ಪ್ರಮಾಣವು ಆ ತೆರಿಗೆಯ ಶೇಕಡಾ 6ರಷ್ಟು. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಈ ಹಣವನ್ನು ಸಕಾಲದಲ್ಲಿ ಒಪ್ಪಿಸದೆ ಬಾಕಿ ಉಳಿಸಿಕೊಂಡ ದೂರುಗಳನ್ನು ನಾವು ವರ್ಷಗಳಿಂದ ಕೇಳುತ್ತಿದ್ದೇವೆ. ಇತ್ತ ಹಳ್ಳಿಯ ಗ್ರಂಥಾಲಯದ ಮೇಲ್ವಿಚಾರಕರು ಅಲ್ಪ ಗೌರವಧನದಲ್ಲಿ ದುಡಿದು, ನ್ಯಾಯವಾದ ವೇತನಕ್ಕಾಗಿ ದೀರ್ಘಕಾಲ ಹೋರಾಡಿದ್ದಾರೆ. ಹಣವು ಯಂತ್ರಕ್ಕೆ ಸಲ್ಲಬೇಕೋ ಮನುಷ್ಯನಿಗೆ ಸಲ್ಲಬೇಕೋ ಎಂಬ ಪ್ರಶ್ನೆ ಬಂದಾಗ, ಕಾಗದದ ಮೇಲೆ ಕಾಣುವುದು ಯಂತ್ರ ಮಾತ್ರ. ಒಬ್ಬ ಮೇಲ್ವಿಚಾರಕಿಯ ಜಾಣ್ಮೆಯಿಂದ ನಲವತ್ತು ಮಕ್ಕಳು ಓದಿಗೆ ಹತ್ತಿದರೆಂದು ಆ ಮಕ್ಕಳೇ ಬರೆದ ವರದಿಯು ಸರ್ಕಾರದ ಮುಂದೆ ಇದ್ದಲ್ಲಿ, ಅವಳ ಗೌರವಧನದ ಪ್ರಶ್ನೆಯನ್ನು ತಳ್ಳಿಹಾಕುವುದು ಅಷ್ಟು ಸುಲಭವಾಗಲಾರದು. ಕೆಟ್ಟ ಸೇವೆಯೂ ಹಾಗೆಯೇ ಬಯಲಾಗುವುದು. ಲಕ್ಷಾಂತರ ವೆಚ್ಚದ ಜಾಲತಾಣದಲ್ಲಿ ಒಂದು ಕನ್ನಡ ಪುಸ್ತಕವೂ ಕನ್ನಡದಲ್ಲಿ ಸಿಕ್ಕುವುದಿಲ್ಲವೆಂದು ಐವತ್ತು ವಿದ್ಯಾರ್ಥಿಗಳು ಬರೆದುಕೊಟ್ಟರೆ, ಆ ವೆಚ್ಚಕ್ಕೆ ಯಾರಾದರೂ ಉತ್ತರ ಹೇಳಲೇಬೇಕಾಗುವುದು.

ಆದುದರಿಂದ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರೂ ಪಂಚಾಯತ್ ರಾಜ್ ಇಲಾಖೆಯವರೂ ವಿಶ್ವವಿದ್ಯಾನಿಲಯಗಳ ಅಧಿಕಾರಿಗಳೂ ಕೂಡಿ ಆಲೋಚಿಸಿ, ಒಂದು ವರ್ಷದ ಮಟ್ಟಿಗೆ ಒಂದೆರಡು ಜಿಲ್ಲೆಗಳಲ್ಲಿಯಾದರೂ ಈ ಪ್ರಯೋಗವನ್ನು ನಡೆಯಿಸಿ ನೋಡಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡ ಬೇಡ. ಒಂದು ಪರೀಕ್ಷಾಪತ್ರವೂ, ಬಂದ ಉತ್ತರವನ್ನು ಅಡಗಿಸದೆ ಪ್ರಕಟಿಸುವ ಧೈರ್ಯವೂ ಸಾಕು. ಫಲವು ಚೆನ್ನಾಗಿ ಕಂಡರೆ ಮುಂದಿನ ವರ್ಷ ಅದನ್ನು ನಾಡಿಗೆಲ್ಲ ವಿಸ್ತರಿಸಲಿ. ಪುಸ್ತಕವನ್ನು ಜನರ ಬಾಗಿಲಿಗೆ ಒಯ್ಯಬೇಕೆಂದು ಒಂದು ಶತಮಾನದ ಹಿಂದೆ ಬೆಳಗಾವಿಯಲ್ಲಿ ಸೇರಿದ್ದ ಹಿರಿಯರು ಬಯಸಿದರು. ಬಾಗಿಲಿಗೆ ಬಂದುದು ಪುಸ್ತಕವೋ ಬರಿಯ ಪೆಟ್ಟಿಗೆಯೋ ಎಂಬುದನ್ನು ಬಾಗಿಲು ತೆರೆದವರೇ ಹೇಳಲಿ.